ಊರಿನ ರೊಕ್ಕಕ್ಕೆ ಓದಿದವರ ಕಾವಲು ಬೇಕು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಾಲೇಜುಗಳಲ್ಲಿ ಬಿ.ಕಾಂ., ಬಿ.ಸಿ.ಎ. ಓದುತ್ತಿರುವ ಮಕ್ಕಳೇ, ಪದವಿ ಮುಗಿದ ಮೇಲೆ ಮುಂದೇನು ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ನಾನು ಒಂದು ದಾರಿ ಹೇಳುತ್ತೇನೆ. ಹಣಕಾಸಿನ ಅಪರಾಧ ತಡೆಯುವ ಕೆಲಸ ಕಲಿಯಿರಿ. ಅದು ಪೊಲೀಸರಿಗಷ್ಟೇ ಸೇರಿದ್ದು ಎಂದು ಕೈಬಿಡಬೇಡಿ.

ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಆದದ್ದು 2002ರಲ್ಲಿ, ಜಾರಿಗೆ ಬಂದದ್ದು 2005ರ ಜುಲೈ 1ರಂದು. ಈ ಕಾಯ್ದೆಯ ಪ್ರಕಾರ ಬ್ಯಾಂಕುಗಳು ಗ್ರಾಹಕರ ಗುರುತು ಖಚಿತಪಡಿಸಿಕೊಂಡು (ಇದೇ ಕೆವೈಸಿ) ದಾಖಲೆ ಇಡಬೇಕು. 10 ಲಕ್ಷ ರೂಪಾಯಿ ಮೀರಿದ ನಗದು ವ್ಯವಹಾರವನ್ನು ದೆಹಲಿಯ ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ವ್ಯವಹಾರ ಸಂಶಯಾಸ್ಪದವಾಗಿದ್ದರೆ ಮೊತ್ತ ಎಷ್ಟೇ ಇರಲಿ, ಅದನ್ನೂ ತಿಳಿಸಬೇಕು. ಗಣಕಯಂತ್ರ ಎಚ್ಚರಿಕೆಯನ್ನಷ್ಟೇ ಕೊಡುತ್ತದೆ. ಅದು ನಿಜವೋ ಸುಳ್ಳೋ ಎಂದು ಕುಳಿತು ನೋಡಿ ಬರೆಯುವವನು ಮನುಷ್ಯ. ಆ ಮನುಷ್ಯ ನೀವಾಗಬೇಕು.

ಅದಕ್ಕೆ ಬೇಕಾದ ಅರ್ಧ ತಿಳಿವಳಿಕೆ ನಿಮ್ಮಲ್ಲಿ ಈಗಲೇ ಇದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಅಂಗಡಿಕಾರನ ಖಾತೆಗೆ ಒಮ್ಮೆಲೇ ನಗದು ಬಂದರೆ ಅದು ಜಾತ್ರೆಯ ದುಡಿಮೆ ಎಂದು ನಿಮಗೆ ಗೊತ್ತು. ಕಬ್ಬಿನ ಬಿಲ್ಲು ಯಾವ ತಿಂಗಳಲ್ಲಿ ಜಮಾ ಆಗುತ್ತದೆ, ಬೈಲಹೊಂಗಲದ ಪೇಟೆಗೆ ಹತ್ತಿ ಯಾವಾಗ ಬರುತ್ತದೆ, ರಾಮದುರ್ಗದ ನೇಕಾರನ ಕೈಯಲ್ಲಿ ಎಷ್ಟು ರೊಕ್ಕ ಆಡುತ್ತದೆ ಎಂಬುದೂ ಗೊತ್ತು. ಪಿಂಚಣಿಯೊಂದೇ ಬರುತ್ತಿದ್ದ ಆಯಿಯ ಖಾತೆಗೆ ಹತ್ತು ಊರಿನಿಂದ ದುಡ್ಡು ಬಂದು ಅರ್ಧ ತಾಸಿನಲ್ಲಿ ಖಾಲಿಯಾದರೆ ನಿಮ್ಮ ಮನಸ್ಸು ಚುಳುಕ್ ಎನ್ನಬೇಕು. ದೂರದ ಊರಿನಲ್ಲಿ ಪರದೆ ನೋಡುತ್ತ ಕುಳಿತವನಿಗೆ ಈ ವ್ಯತ್ಯಾಸ ಸುಲಭಕ್ಕೆ ಕಾಣುವುದಿಲ್ಲ.

ಉಳಿದರ್ಧವನ್ನು ಕಾಲೇಜು ಮತ್ತು ಬ್ಯಾಂಕು ಸೇರಿಯೇ ಕಲಿಸಬೇಕು. ಕಾನೂನು, ಲೆಕ್ಕಪರಿಶೋಧನೆ, ದತ್ತಾಂಶ ತರಗತಿಯಲ್ಲಿ ಸಿಗುತ್ತವೆ. ಮೋಸ ಹೇಗೆ ವೇಷ ಬದಲಿಸುತ್ತದೆ ಎಂಬುದು ಬ್ಯಾಂಕಿನ ಮೇಜಿನ ಮುಂದೆ ಕುಳಿತಾಗಲೇ ತಿಳಿಯುತ್ತದೆ. ಇಂಥ ಜೊತೆಗಾರಿಕೆ ನಮ್ಮ ರಾಜ್ಯದಲ್ಲೇ ಆಗಿದೆ. ಸಿಐಡಿ, ಇನ್ಫೋಸಿಸ್ ಫೌಂಡೇಶನ್ ಮತ್ತು ಡೇಟಾ ಸೆಕ್ಯುರಿಟಿ ಕೌನ್ಸಿಲ್ ಆಫ್ ಇಂಡಿಯಾ ಕೂಡಿ ಬೆಂಗಳೂರಿನಲ್ಲಿ ಸೈಬರ್ ಅಪರಾಧ ತನಿಖೆಯ ತರಬೇತಿ ಕೇಂದ್ರ ಕಟ್ಟಿವೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ 2023ರ ಜನವರಿ 28ರಂದು ಅಡಿಗಲ್ಲು ಬಿತ್ತು. ಕಿತ್ತೂರಿನಿಂದ ಅದು ಬಸ್ಸಿನ ದಾರಿ. ಬೆಳಗಾವಿಯಲ್ಲಿ 2010ರಲ್ಲಿ ಆರಂಭವಾದ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ನಿಮ್ಮದೇ. ಓದಿನೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿ ಪದವಿ ಕೊಡಲು ಯುಜಿಸಿ 2020ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ನಮ್ಮ ತಾಲೂಕುಗಳಿಗೂ ಇಂಥ ಓದು ಬರಲಿ ಎಂದು ಪ್ರಾಚಾರ್ಯರನ್ನು ಕೇಳಿರಿ, ಮತ್ತೆ ಮತ್ತೆ ಕೇಳಿರಿ.

ಕಾಲೇಜಿಗೂ ಬ್ಯಾಂಕಿಗೂ ಒಪ್ಪಂದ ಆದಾಗ ಶಾಲು, ಹಾರ, ಫೋಟೋ ನೋಡಿ ಮರುಳಾಗಬೇಡಿ. ಎಷ್ಟು ವಾರ ಬ್ಯಾಂಕಿನಲ್ಲಿ ಕೆಲಸ ಕಲಿಸುತ್ತಾರೆ? ಪಾಠ ಹೇಳುವವರು ಈ ಕೆಲಸ ಮಾಡಿದವರೇ? ಹೆಸರು ಅಳಿಸಿದ ನಿಜ ಪ್ರಕರಣಗಳನ್ನು ತೋರಿಸುತ್ತಾರೆಯೇ? ಕಲಿಯುವಾಗ ಭತ್ಯೆ ಉಂಟೇ? ಇವಕ್ಕೆ ಉತ್ತರವಿಲ್ಲದ ಒಪ್ಪಂದ ಬರೀ ಕಾಗದ. ಫೀ ಮೊದಲು, ನೌಕರಿ ಗ್ಯಾರಂಟಿ ಎನ್ನುವವರಿಂದ ದೂರ ಇರಿ. 1928ರಿಂದ ಬ್ಯಾಂಕಿನವರಿಗೆ ಪರೀಕ್ಷೆ ನಡೆಸುತ್ತ ಬಂದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಬ್ಯಾಂಕಿಂಗ್ ಅಂಡ್ ಫೈನಾನ್ಸ್, ಅಕ್ರಮ ಹಣ ತಡೆ ಮತ್ತು ಕೆವೈಸಿ ಬಗೆಗೂ ಪ್ರಮಾಣಪತ್ರ ಕೊಡುತ್ತದೆ. ಅದರ ಪುಸ್ತಕದಿಂದ ಓದು ಶುರುಮಾಡಿ.

ಇನ್ನು ನಡತೆಯ ಮಾತು. ಕಮಿಷನ್ ಆಸೆಗೆ ನಿಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ ಯಾರಿಗೂ ಕೊಡಬೇಡಿ. ಗೆಳೆಯ ಕೇಳಿದರೂ ಬೇಡ. ಕದ್ದ ಹಣ ಹಾಯುವುದು ಇಂಥ ಬಾಡಿಗೆ ಖಾತೆಗಳ ಮೂಲಕವೇ. ಖಾತೆ ಸ್ಥಗಿತವಾಗಿ ಹೆಸರು ಠಾಣೆಯಲ್ಲಿ ಬಿದ್ದರೆ ಈ ವೃತ್ತಿಯ ಬಾಗಿಲೇ ಮುಚ್ಚುತ್ತದೆ. ಮನೆಯಲ್ಲಿ ಯಾರಾದರೂ ಮೋಸಹೋದರೆ ಬೈಯುತ್ತ ಕೂಡಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಕೈದಾಟುವ ಮೊದಲೇ ತಡೆಯಬೇಕೆಂದರೆ ಮೊದಲ ಕೆಲವು ತಾಸೇ ಮುಖ್ಯ.

ಕೆಲಸಕ್ಕೆ ಸೇರಿದ ಮೇಲೆ ಗುಟ್ಟು ಕಾಯಿರಿ. ಸಂಶಯದ ವರದಿ ಹೋದದ್ದನ್ನು ಗ್ರಾಹಕನಿಗೆ ಹೇಳಲು ಕಾನೂನು ಬಿಡುವುದಿಲ್ಲ. ಜಾತಿ, ಉಡುಪು, ಬಡತನ ನೋಡಿ ಯಾರನ್ನೂ ಕಳ್ಳನೆನ್ನಬೇಡಿ. ತಪ್ಪಿಲ್ಲದವನ ಖಾತೆ ನಿಂತರೆ ಅವನ ಮನೆಯ ಒಲೆಯೇ ನಿಲ್ಲುತ್ತದೆ. ತಪ್ಪು ಒಳಗಿನವರದೇ ಆದರೂ ಬರೆಯುವ ಧೈರ್ಯ ಇರಲಿ.

ಕಡೆಯದಾಗಿ, ಕಲಿತವರೆಲ್ಲ ಬೆಂಗಳೂರು, ಪುಣೆಗೇ ಹೋಗಬೇಡಿ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ನಾಡು ಇದು. ನಮ್ಮ ಪತ್ತಿನ ಸಂಘಗಳಲ್ಲಿ ಹೊಲ ಮಾರಿದ ಹಣ, ಮಗಳ ಮದುವೆಗೆಂದು ಕೂಡಿಟ್ಟ ಠೇವಣಿ ಇದೆ. ಅದನ್ನು ಕಾಯಲು ಬಲ್ಲವರು ಬೇಕಾಗಿದ್ದಾರೆ. ನಿಮ್ಮಲ್ಲಿ ಕೆಲವರಾದರೂ ಓದಿ ಬಂದು ಆ ಕುರ್ಚಿಯಲ್ಲಿ ಕೂಡಿರಿ.