ದನಿ ದಪ್ಪ ಮಾಡುವುದು ಬಿಡು, ತಂಗಿ

ಪ್ರೀತಿಯ ತಂಗಿ,

ನೀನು ಆಳಂದದವಳೋ, ಅಫಜಲಪುರದವಳೋ, ಜೇವರ್ಗಿಯವಳೋ, ವಾಯ್ಸ್ ಓವರ್ ಕೆಲಸಕ್ಕೆ ಇಳಿಯಬೇಕೆಂದಿದ್ದರೆ ಈ ಪತ್ರ ನಿನಗೇ. ನಿಮ್ಮ ವಯಸ್ಸಿನವರ ಸ್ಯಾಂಪಲ್‌ಗಳನ್ನು ಕೇಳುತ್ತಿರುತ್ತೇನೆ. ಹುಡುಗರೆಲ್ಲ ಸಿನಿಮಾ ಟ್ರೈಲರ್, ಹುಡುಗಿಯರೆಲ್ಲ ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್! ಗಂಟಲು ಒತ್ತಿ ದನಿ ತಗ್ಗಿಸಿದರೆ ರೇಂಜ್ ಬಂತು ಎಂದು ಯಾರು ಹೇಳಿಕೊಟ್ಟರೋ. ನಿಮ್ಮ ಕೇಳುಗರಲ್ಲಿ ಬಹುಪಾಲು ಜನ ಮೊಬೈಲಿನಲ್ಲಿ ಕೇಳುವವರು. ಅದರ ಪುಟ್ಟ ಸ್ಪೀಕರಿನಿಂದ ಆ ತಳದ ಗುಡುಗು ಹೊರಡುವುದೇ ಇಲ್ಲ. ಗಂಟಲು ನೋಯಿಸಿಕೊಂಡದ್ದೊಂದೇ ಲಾಭ.

ದನಿ ಬದಲಾಗುವುದು ಎದುರಿಗೆ ಯಾರಿದ್ದಾರೆ, ಎಷ್ಟು ದೂರದಲ್ಲಿದ್ದಾರೆ ಎಂಬುದರಿಂದ. "ಈ ಸಲ ತೊಗರಿ ಕೈಕೊಟ್ಟಿತು" ಅನ್ನು. ಪಕ್ಕದಲ್ಲಿ ಕೂತ ಅವ್ವನಿಗೆ ಹೇಳುವಾಗ ಮಾತಿಗೆ ಉಸಿರು ಬೆರೆಯುತ್ತದೆ, ಕೊನೆಯ ಅಕ್ಷರ ಅರ್ಧಕ್ಕೇ ಜಾರುತ್ತದೆ. ಬ್ಯಾಂಕ್ ಮ್ಯಾನೇಜರಿಗೆ ಹೇಳುವಾಗ ಪದಗಳು ಬಿಡಿಬಿಡಿಯಾಗುತ್ತವೆ, 'ತೊಗರಿ' ಆದಮೇಲೆ ಅರೆಕ್ಷಣ ತಡೆಯುತ್ತೀಯ. ಆಚೆ ಬದುವಿನಲ್ಲಿ ನಿಂತ ಕಾಕಾನಿಗಾದರೆ ದನಿ ಏರುತ್ತದೆ, 'ಸಲ' ಹೋಗಿ 'ಸಲಾ' ಆಗುತ್ತದೆ. ಮೂರನ್ನೂ ರೆಕಾರ್ಡ್ ಮಾಡಿ ಕೇಳು. ಈ ಮೂರೂ ನಿನ್ನಲ್ಲಿ ಆಗಲೇ ಇವೆ. ಮೈಕ್ ಕಂಡೊಡನೆ ಎಲ್ಲವನ್ನೂ ಬಿಟ್ಟು ಯಾರಿಗೂ ಹೇಳದ ಒಂದು ದನಿ ಹಿಡಿಯುತ್ತೀಯಲ್ಲ, ತೊಂದರೆ ಅಲ್ಲಿದೆ.

ಇನ್ನು ಏರಿಳಿತದ ಸಾಧನೆಗೆ ನಿಮ್ಮೂರ ಭಜನಾ ಮೇಳಕ್ಕಿಂತ ಬೇರೆ ಶಾಲೆ ಬೇಕಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುವವರ ಹಿಂದೆ ಕೂತು ದನಿಗೂಡಿಸು. ಮನೆಯಲ್ಲಿ ಬಾಯಿ ಮುಚ್ಚಿ 'ಮ್' ಎನ್ನುತ್ತ ಕೆಳಗಿನಿಂದ ಮೇಲಕ್ಕೆ, ಮೇಲಿಂದ ಕೆಳಕ್ಕೆ ನಿಧಾನ ಜಾರು. ಎಲ್ಲಿ ದನಿ ಕಿರುಗುಟ್ಟುತ್ತದೋ ಅಲ್ಲಿ ನಿಲ್ಲು. ಕೆಲವು ವಾರಗಳಲ್ಲಿ ಆ ಗಡಿ ತಾನೇ ಸರಿಯುತ್ತದೆ. ದನಿ ಒಡೆದು ಎರಡು ಮೂರು ವಾರವಾದರೂ ಸರಿಹೋಗದಿದ್ದರೆ ಮನೆಮದ್ದು ಬಿಟ್ಟು ಕಲಬುರಗಿಗೆ ಹೋಗಿ ಕಿವಿ-ಮೂಗು-ಗಂಟಲಿನ ಡಾಕ್ಟರಿಗೆ ತೋರಿಸು.

ಭಾಷೆಯ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟಿದೆ. 'ಮಾಡ್ಲಾಕತ್ತೀನಿ' ಎಂದರೆ ನಗುತ್ತಾರೆಂದು ನಮ್ಮ ಮಕ್ಕಳು ಅದನ್ನು ನುಂಗಿಬಿಡುತ್ತಾರೆ. ಬೀಜ, ಗೊಬ್ಬರ, ಬೆಳೆವಿಮೆಯ ಜಾಹೀರಾತಿಗೆ ಆ ಮಾತೇ ಬೇಕು, ಬೆಂಗಳೂರಿನವರು ಅದನ್ನು ಆಡಲು ಹೋದರೆ ನಾಟಕವಾಗುತ್ತದೆ. ಗ್ರಂಥದ ಕನ್ನಡವನ್ನೂ ಕಲಿ. ಹಕಾರ, ಮಹಾಪ್ರಾಣ, ಣ-ನ ತಪ್ಪಬಾರದು. 1966ರಿಂದ ಇರುವ ಕಲಬುರಗಿ ಆಕಾಶವಾಣಿಯ ವಾರ್ತೆ, ಕೃಷಿ ಕಾರ್ಯಕ್ರಮಗಳನ್ನು ಕೇಳುತ್ತ ಜೊತೆಜೊತೆಗೆ ಹೇಳು. ಗಡಿಯ ಮರಾಠಿ, ಸಂತೆಯ ದಖನಿ ಉರ್ದು ಕಿವಿಗೆ ಬಿದ್ದಿರುವುದರಿಂದ ಕಂಪನಿಗಳ ಹೆಸರಿನಲ್ಲಿ ಬರುವ ಪರಭಾಷೆಯ ಸದ್ದುಗಳು ನಿನಗೆ ಸಲೀಸು.

ಡಬ್ಬಿಂಗ್ ಕೆಲಸ ಈಗ ಇದೆ. ದಶಕಗಳ ಕಾಲ ಕನ್ನಡದಲ್ಲಿ ಆ ಬಾಗಿಲೇ ಮುಚ್ಚಿತ್ತು. 2015ರಲ್ಲಿ ಡಬ್ಬಿಂಗ್ ತಡೆಯುವಂತಿಲ್ಲವೆಂದು ಸ್ಪರ್ಧಾ ಆಯೋಗದ ಆದೇಶ ಬಂತು, 2020ರ ಲಾಕ್‌ಡೌನ್ ಹೊತ್ತಿಗೆ 'ಮಹಾಭಾರತ' ಧಾರಾವಾಹಿಯೇ ಕನ್ನಡ ಮಾತಾಡಿತು. ಡಬ್ಬಿಂಗ್‌ನಲ್ಲಿ ಪರದೆಯ ಮೇಲಿನ ತುಟಿ ಮುಚ್ಚಿದಲ್ಲಿ ನಿನ್ನ ಪ, ಬ, ಮ ಬೀಳಬೇಕು. ಹಾಸ್ಯಕ್ಕೆ ರಾಜಣ್ಣ ಜೇವರ್ಗಿಯವರ 'ಕುಂಟ ಕೋಣ ಮೂಕ ಜಾಣ' ನಾಟಕ ನೋಡು: ನಟ ಜನರ ನಗೆ ಇಳಿಯುವವರೆಗೆ ತಡೆದು ಮುಂದಿನ ಮಾತು ಬಿಡುತ್ತಾನೆ. ಸ್ಟುಡಿಯೋದಲ್ಲಿ ನಗುವವರಿಲ್ಲ, ಆ ತಡೆಯನ್ನು ನೀನೇ ಲೆಕ್ಕ ಹಾಕಿಕೊಳ್ಳಬೇಕು.

ಸ್ಟುಡಿಯೋ ಇಲ್ಲವೆಂದು ಅಳಬೇಡ. ಸಣ್ಣ ಕೋಣೆಯ ಗೋಡೆಗೆ ಅವ್ವನ ಎರಡು ಕೌದಿ ತೂಗುಬಿಟ್ಟರೆ ಗುಂಯ್‌ಗುಡುವಿಕೆ ಬಹಳ ಮಟ್ಟಿಗೆ ನಿಲ್ಲುತ್ತದೆ. ಮೈಕ್ ಒಂದು ಗೇಣು ದೂರ, ಬಾಯಿಗೆ ನೇರ ಬೇಡ, ತುಸು ಓರೆ. ಇಲ್ಲದಿದ್ದರೆ ಪಕಾರ ಬಡಿಯುತ್ತದೆ. ಡೆಮೊ ಒಂದು ನಿಮಿಷ ಸಾಕು. ಮೊದಲಿಗೇ ನಿನ್ನ ಸಹಜ ದನಿ ಇಡು, ಹಿನ್ನೆಲೆ ಸಂಗೀತ ಹಾಕಬೇಡ, ಹಾಕಿದರೆ ಏನೋ ಮುಚ್ಚಿಡುತ್ತಿದ್ದಾಳೆಂದು ಕೇಳುವವರಿಗೆ ಸಂಶಯ ಬರುತ್ತದೆ.

ನಿನ್ನ ಹಿರಿಯಕ್ಕ