ಪತ್ರಿಕೆಯ ಲಘು ಅಡುಗೆ: ಮೊದಲು ಚಮಚ ಅಳೆಯಿರಿ

ಪತ್ರಿಕೆಗಳ ಅಡುಗೆ ಪುಟದಲ್ಲಿ ‘ಕಡಿಮೆ ಎಣ್ಣೆ’, ‘ಲಘು’ ಎಂಬ ಹೆಸರಿನಲ್ಲಿ ಬರುವ ತಿನಿಸುಗಳಲ್ಲಿ ಹೆಚ್ಚಿನವು ಮನೆಯಲ್ಲಿ ದಿನವೂ ಮಾಡುವ ಪಲ್ಯ, ಸಾಗು, ಗೊಜ್ಜು, ವಡೆಗಳೇ. ಎಣ್ಣೆ ಮತ್ತು ಕಾಯಿ ತಗ್ಗಿಸುವುದು, ಕರಿಯುವ ಬದಲು ಹಬೆಯಲ್ಲೋ ಪಡ್ಡಿನ ಕಾವಲಿಯಲ್ಲೋ ಬೇಯಿಸುವುದು, ರವೆ ಅಥವಾ ಮೈದಾದ ಜಾಗಕ್ಕೆ ಸಿರಿಧಾನ್ಯ ತರುವುದು, ಬದಲಾವಣೆ ಎಂದರೆ ಇಷ್ಟೇ. ಆದರೂ ಒಂದು ಸಲ ಮಾಡಿ ‘ಸಪ್ಪೆ’ ಎಂದು ಬಿಟ್ಟವರು ಬಹಳ. ತಿಂಗಳುಗಟ್ಟಲೆ ಮಾಡಿಯೂ ಎಣ್ಣೆಯ ಡಬ್ಬಿ ಮೊದಲಿನಷ್ಟೇ ಬೇಗ ಖಾಲಿಯಾಗುವ ಮನೆಗಳೂ ಕಡಿಮೆಯಿಲ್ಲ.

ಮೊದಲ ಪ್ರಯೋಗಕ್ಕೆ, ಮನೆಯವರಿಗೆ ರುಚಿ ಗೊತ್ತಿರುವ ಅಡುಗೆಯನ್ನೇ ಆರಿಸಿಕೊಳ್ಳಬೇಕು. ಹೆಸರೇ ಕೇಳದ ಸೂಪು ಕೆಟ್ಟರೆ ತಪ್ಪು ಎಲ್ಲಾಯಿತೆಂದು ತಿಳಿಯುವುದಿಲ್ಲ. ಹುರುಳಿಕಾಯಿ ಪಲ್ಯವಾದರೆ ತುತ್ತಿಗೇ ತಿಳಿಯುತ್ತದೆ. ಸಾಮಗ್ರಿಯ ಪಟ್ಟಿಯಲ್ಲಿ ‘ಎಷ್ಟು ಜನರಿಗೆ’ ಎಂಬುದನ್ನು ತಪ್ಪದೆ ನೋಡಬೇಕು. ನಾಲ್ವರಿಗೆಂದು ಬರೆದದ್ದನ್ನು ಇಬ್ಬರು ಮುಗಿಸಿದರೆ ಕೊಟ್ಟಿರುವ ಕ್ಯಾಲೊರಿಯನ್ನು ಎರಡರಿಂದ ಗುಣಿಸಬೇಕಾಗುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದ ಮಾತ್ರಕ್ಕೆ ‘ಲಘು’ ಎನ್ನಿಸಿಕೊಂಡ ಸಿಹಿತಿಂಡಿಗಳನ್ನು ದೂರವಿಡುವುದು ಒಳ್ಳೆಯದು. ಎರಡರ ಕ್ಯಾಲೊರಿಯೂ ಹೆಚ್ಚುಕಡಿಮೆ ಒಂದೇ. ಖರ್ಜೂರ, ಗೋಡಂಬಿ ಸೇರಿಸಿ ಕಟ್ಟಿದ ಉಂಡೆ ಪುಷ್ಟಿಕರ ನಿಜ, ಲಘುವಂತೂ ಅಲ್ಲ.

ಚಮಚದ ಲೆಕ್ಕ

ಹೆಚ್ಚಿನವರು ಎಡವುವುದು ಇಲ್ಲಿಯೇ. ಪಟ್ಟಿಯಲ್ಲಿ ‘ಎಣ್ಣೆ 2 ಚಮಚ’ ಎಂದಷ್ಟೇ ಇರುತ್ತದೆ. ಅಳತೆಯ ಟೀ ಚಮಚ ಹಿಡಿಯುವುದು 5 ಮಿ.ಲೀ., ದೊಡ್ಡ ಚಮಚ 15 ಮಿ.ಲೀ. ಮೊದಲನೆಯದರ ತುಂಬ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ, ಎರಡನೆಯದರಲ್ಲಿ ಸುಮಾರು 120. ಅದೇ ‘2 ಚಮಚ’ ಒಂದು ಮನೆಯಲ್ಲಿ 80 ಕ್ಯಾಲೊರಿ, ಪಕ್ಕದ ಮನೆಯಲ್ಲಿ 240. ಊಟದ ಚಮಚ ಈ ಎರಡೂ ಅಲ್ಲ. ಅದರ ಅಳತೆ ಒಂದೊಂದು ಸೆಟ್ಟಿನಲ್ಲಿ ಒಂದೊಂದು. ಎಣ್ಣೆಗೆ ಬರಿಯ ‘ಚಮಚ’ ಎಂದು ಬರೆದಿದ್ದರೆ ಲಘು ಅಡುಗೆಯಲ್ಲಿ ಅದನ್ನು ಟೀ ಚಮಚವೆಂದೇ ಓದಿಕೊಳ್ಳಬೇಕು.

ಅಳತೆ ಚಮಚಗಳ ಸೆಟ್ ಇಲ್ಲದಿದ್ದರೂ ಚಿಂತೆಯಿಲ್ಲ. ಕೆಮ್ಮಿನ ಸಿರಪ್ ಜೊತೆ ಬರುವ ಪುಟ್ಟ ಮುಚ್ಚಳದಲ್ಲಿ 5 ಮಿ.ಲೀ. ಗೆರೆ ಇರುತ್ತದೆ. ಅದನ್ನು ಚೆನ್ನಾಗಿ ತೊಳೆದು, ಆ ಗೆರೆಯವರೆಗೆ ನೀರು ತುಂಬಿಸಿ, ಅಡುಗೆಮನೆಯ ಚಮಚಗಳಿಗೆ ಒಂದೊಂದಾಗಿ ಸುರಿದು ನೋಡಬೇಕು. ಸರಿಯಾಗಿ ತುಂಬುವ ಚಮಚವನ್ನು ಎಣ್ಣೆ ಡಬ್ಬಿಯ ಪಕ್ಕದಲ್ಲಿಡಬೇಕು. ಅದನ್ನು ಬೇರೆ ಯಾವುದಕ್ಕೂ ಬಳಸಬಾರದು.

ಚಮಚ ಸರಿಯಿದ್ದರೂ ಎಣ್ಣೆ ಇನ್ನೊಂದು ದಾರಿಯಲ್ಲಿ ನುಸುಳುತ್ತದೆ. ಪಟ್ಟಿಯಲ್ಲಿ 2 ಚಮಚ ಇರುತ್ತದೆ, ವಿಧಾನದ ನಡುವೆ ‘ಮಸಾಲೆ ಹುರಿಯಲು ತುಸು ಎಣ್ಣೆ’, ಕೊನೆಯಲ್ಲಿ ‘ಒಗ್ಗರಣೆಗೆ ಸ್ವಲ್ಪ’. ಈ ‘ತುಸು’, ‘ಸ್ವಲ್ಪ’ಗಳನ್ನು ಬಾಟಲಿಯಿಂದ ನೇರವಾಗಿ ಸುರಿದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಒಲೆ ಹಚ್ಚುವ ಮೊದಲೇ ಇಡೀ ಅಡುಗೆಗೆ ಬೇಕಾದ ಎಣ್ಣೆಯನ್ನು ಅಳೆದು ಒಂದು ಪುಟ್ಟ ಬಟ್ಟಲಿಗೆ ಹಾಕಿ, ಬಾಟಲಿಯನ್ನು ಒಳಗಿಟ್ಟುಬಿಡಬೇಕು. ಹುರಿಯಲು, ಬಾಡಿಸಲು, ಒಗ್ಗರಣೆಗೆ, ಎಲ್ಲಕ್ಕೂ ಆ ಬಟ್ಟಲಿನದೇ. ಮುಗಿದರೆ ಮತ್ತೆ ತುಂಬಿಸಕೂಡದು. ಈ ಒಂದು ಅಭ್ಯಾಸವಿಲ್ಲದೆ ಲಘು ಅಡುಗೆಯ ಉಳಿದ ಯಾವ ಸಲಹೆಯೂ ಫಲ ಕೊಡುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಹಾರ ತಟ್ಟೆಯಲ್ಲಿ, 2,000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 27 ಗ್ರಾಂ ಎಣ್ಣೆ–ಕೊಬ್ಬು ಎಂದಿದೆ. ಅಂದರೆ ಒಬ್ಬರಿಗೆ ಸುಮಾರು ಆರು ಟೀ ಚಮಚ, ಅದೂ ತುಪ್ಪ, ಬೆಣ್ಣೆ ಸೇರಿ. ನಾಲ್ವರು ದೊಡ್ಡವರಿರುವ ಮನೆಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರೂವರೆ ಲೀಟರ್.

ಪಾತ್ರೆ, ಒಗ್ಗರಣೆ

ಅಗಲ ಬಾಂಡ್ಲಿಗೆ ಒಂದು ಟೀ ಚಮಚ ಎಣ್ಣೆ ಹಾಕಿದರೆ ಅದು ತೆಳುವಾಗಿ ಹರಡಿ, ಸಾಸಿವೆ ಸಿಡಿಯುವ ಮೊದಲೇ ಹೊಗೆಯಾಡುತ್ತದೆ. ಒಗ್ಗರಣೆ ಸೌಟಿನಲ್ಲಿ ಅಷ್ಟೇ ಎಣ್ಣೆ ಒಂದೆಡೆ ನಿಲ್ಲುತ್ತದೆ. ಸಾಸಿವೆ, ಇಂಗು, ಕರಿಬೇವು ಮೂರಕ್ಕೂ ಸಾಕಾಗುತ್ತದೆ. ಈರುಳ್ಳಿ ಬಾಡಿಸುವಾಗ ಮೊದಲೇ ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಮುಚ್ಚಿಟ್ಟರೆ ಅದರ ನೀರೇ ಬಿಟ್ಟು ಮೆತ್ತಗಾಗುತ್ತದೆ. ತಳ ಹಿಡಿದರೆ ಸೇರಿಸಬೇಕಾದದ್ದು ಒಂದು ಚಮಚ ನೀರು.

ರುಚಿ ಸಪ್ಪೆಯಾಗುವುದಕ್ಕೂ ಕಾರಣವಿದೆ. ಮಸಾಲೆಯ ಪರಿಮಳದ ಬಹುಭಾಗ ಕರಗುವುದು ಎಣ್ಣೆಯಲ್ಲಿ. ಎಣ್ಣೆ ಕಡಿಮೆಯಾದರೆ ಘಮವೂ ಕಡಿಮೆ. ತಿಂಗಳುಗಳಿಂದ ಡಬ್ಬಿಯಲ್ಲಿ ಕುಳಿತ ಸಾರಿನ ಪುಡಿ ಇಲ್ಲಿ ಕೈಕೊಡುತ್ತದೆ. ಕೊತ್ತಂಬರಿ ಬೀಜ, ಜೀರಿಗೆಯನ್ನು ಆಗಲೇ ಎಣ್ಣೆಯಿಲ್ಲದೆ ಬೆಚ್ಚಗೆ ಹುರಿದು ಪುಡಿ ಮಾಡಿ ಹಾಕಬೇಕು. ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ, ಹಸಿ ಕೊತ್ತಂಬರಿ ಸೇರಿಸಬೇಕು. ಸಪ್ಪೆಯೆಂದು ಉಪ್ಪು ಹೆಚ್ಚಿಸುವುದು ಒಂದು ತೊಂದರೆ ಬಿಟ್ಟು ಇನ್ನೊಂದನ್ನು ತಂದುಕೊಂಡಂತೆ. ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪೇ ದೊಡ್ಡವರಿಗೆ ಮಿತಿ.

ಎಣ್ಣೆಗಾಯಿಯ ಉದಾಹರಣೆ

ಉತ್ತರ ಕರ್ನಾಟಕದ ಬದನೆಕಾಯಿ ಎಣ್ಣೆಗಾಯಿಯನ್ನೇ ನೋಡಬಹುದು. ಬದನೆಯ ತಿರುಳಿನ ತುಂಬ ಗಾಳಿಯ ಸಂದುಗಳಿವೆ. ಹಸಿಯಾಗಿ ಬಾಂಡ್ಲಿಗೆ ಬಿದ್ದರೆ ಎಣ್ಣೆಯೆಲ್ಲ ಅವುಗಳೊಳಗೆ ಸೇರುತ್ತದೆ. ಕಾಲು ಕಿಲೋ ಎಳೆಯ ಬದನೆಯನ್ನು ತೊಟ್ಟು ಬಿಡದಂತೆ ನಾಲ್ಕಾಗಿ ಸೀಳಿ, ಉಪ್ಪು ಸವರಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಐದಾರು ನಿಮಿಷ ಇಟ್ಟರೆ ತಿರುಳು ಕುಗ್ಗಿ, ಎಣ್ಣೆ ಹೀರುವುದು ಬಹಳಷ್ಟು ತಗ್ಗುತ್ತದೆ. ಪೂರ್ತಿ ಬೇಯಬಾರದು, ಬೆಂದರೆ ಮಸಾಲೆ ತುಂಬುವಾಗ ಕೈಯಲ್ಲೇ ಬಿಡುತ್ತದೆ.

ಹುರಿದ ಶೇಂಗಾ ಮೂರು ದೊಡ್ಡ ಚಮಚ, ಎಳ್ಳು ಒಂದು ದೊಡ್ಡ ಚಮಚ, ಖಾರದ ಪುಡಿ, ಹುಣಸೆರಸ, ಚೂರು ಬೆಲ್ಲ, ಉಪ್ಪು ಸೇರಿಸಿ ರುಬ್ಬಿ ತುಂಬಬೇಕು. ಮೂರು ಟೀ ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ಕಾಯಿಗಳನ್ನಿಟ್ಟು, ಉಳಿದ ಮಸಾಲೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ಕದಡಿ ಸುರಿದು, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿದರಾಯಿತು. ಶೇಂಗಾ, ಎಳ್ಳಿನ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಕುದಿಯುತ್ತ ಅದು ಮೇಲೆ ಬರುತ್ತದೆ. ಇದೇ ಕಾರಣಕ್ಕೆ ಶೇಂಗಾವನ್ನು ಕೈಯಳತೆಗೆ ಬಿಡಬಾರದು. ‘ಎಣ್ಣೆ ಬಿಡುವವರೆಗೆ’ ಎಂಬ ಹಳೆಯ ಗುರುತಿಗೆ ಕಾಯುತ್ತ ಕೂತರೆ ತಳ ಸೀಯುತ್ತದೆ. ಹಸಿವಾಸನೆ ಹೋಗಿ ಮಸಾಲೆ ಗಟ್ಟಿಯಾಗಿ ಪಾತ್ರೆಯ ಅಂಚು ಬಿಟ್ಟರೆ ಆಯಿತೆಂದು ತಿಳಿಯಬೇಕು.

ಕಾಯಿ ತಗ್ಗಿಸುವ ಅಡುಗೆಗಳಲ್ಲಿ ಅರ್ಧ ಕಾಯಿಯ ಜಾಗಕ್ಕೆ ಹುರಿಗಡಲೆ ರುಬ್ಬಿ ಹಾಕಿದರೆ ಗಟ್ಟಿತನ ಉಳಿಯುತ್ತದೆ. ಕೆನೆ ತೆಗೆದ ಹಾಲಿನ ಮೊಸರು ಬಿಸಿಗೆ ಬೇಗ ಒಡೆಯುತ್ತದೆ. ಚಮಚ ಕಡಲೆಹಿಟ್ಟು ಕದಡಿ, ಸಣ್ಣ ಉರಿಯಲ್ಲಿ ತಿರುಗಿಸುತ್ತಲೇ ಇರಬೇಕು. ನವಣೆ, ಸಾಮೆಯನ್ನು ಅರ್ಧ ಗಂಟೆಯಾದರೂ ನೆನೆಸಿಟ್ಟು ಬೇಯಿಸಬೇಕು.

ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಊಟದಲ್ಲಿ ತುಪ್ಪ, ಎಣ್ಣೆ ಕಡಿತ ಮಾಡಬಾರದು. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಬಳಸಕೂಡದು. ಎಣ್ಣೆ ತಗ್ಗಿಸಿದ ಉಪ್ಪಿನಕಾಯಿಯ ಮೇಲೆ ಗಾಳಿ ತಡೆಯುವ ಪದರವಿರುವುದಿಲ್ಲ, ಬೇಗ ಬೂಸ್ಟು ಬರುತ್ತದೆ. ಸ್ವಲ್ಪವೇ ಮಾಡಿ, ಫ್ರಿಜ್ಜಿನಲ್ಲಿಟ್ಟು, ವಾರದೊಳಗೆ ಮುಗಿಸಬೇಕು.