ಗಣಿಯ ಎಲ್ಲೆ

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈಋತ್ಯದಲ್ಲಿ ಅರಿಜೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳೊಳಗೆ ಹರಡಿಕೊಂಡಿರುವ ನವಾಹೋ ಜನರ ನಾಡಿನಲ್ಲಿ 1944ರಿಂದ 1986ರವರೆಗೆ ಹತ್ತಿರಹತ್ತಿರ 3 ಕೋಟಿ ಟನ್ ಯುರೇನಿಯಂ ಅದಿರನ್ನು ಅಗೆದು ಸಾಗಿಸಿದರೆಂದೂ, ಅಗೆದವರು ಹೊರಟುಹೋದ ಮೇಲೆ 500ಕ್ಕೂ ಮಿಕ್ಕ ಗಣಿಗಳು ಕೇಳುವವರಿಲ್ಲದೆ ಉಳಿದವೆಂದೂ ನಾನು ಓದಿ ಬಲ್ಲವನಾಗಿದ್ದೆನೇ ಹೊರತು, ಒಂದು ಗಣಿಯು ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂಬುದು ಉತ್ತರಿಸಲು ದುಸ್ತರವಾದ ಪ್ರಶ್ನೆಯೆಂದು, ಆ ಗಣಿಗಳನ್ನು ಗುರುತಿಸಿ ನಕ್ಷೆಗೆ ತರುವ ತಂಡವೊಂದರಲ್ಲಿ ಭೂವಿಜ್ಞಾನಿಯಾಗಿ ಸೇರುವವರೆಗೆ ನನಗೆ ತೋರಿರಲಿಲ್ಲ. ಶುದ್ಧೀಕರಣದ ಹಣವೂ ಯಂತ್ರಗಳೂ ನಕ್ಷೆಯ ಮೇಲಿನ ಗೆರೆಯನ್ನೇ ಅನುಸರಿಸಿ ಬರತಕ್ಕವಾದ್ದರಿಂದ, ಆ ಗೆರೆಯ ಹೊರಗುಳಿದ ಮನೆಗೂ ಬಾವಿಗೂ ದಿಕ್ಕಿಲ್ಲ.

ನಮಗೆ ಮೊದಲ ಆಧಾರ ಹಳೆಯ ಕಡತಗಳು. ಬಹುಕಾಲ ಅಲ್ಲಿಯ ಅದಿರನ್ನು ಕೊಳ್ಳುವುದು ಸರ್ಕಾರವೊಂದೇ ಆಗಿದ್ದುದರಿಂದ, ಯಾವ ಗುತ್ತಿಗೆಯ ನೆಲದಿಂದ ಎಷ್ಟು ಟನ್ ಬಂದಿತು, ಅದರಲ್ಲಿ ಯುರೇನಿಯಂ ಶೇಕಡಾ ಎಷ್ಟಿತ್ತು ಎಂಬುದನ್ನೆಲ್ಲ ಅಣುಶಕ್ತಿ ಆಯೋಗದವರು ಶ್ರದ್ಧೆಯಿಂದ ಬರೆದಿಟ್ಟಿದ್ದಾರೆ. ಆ ಶ್ರದ್ಧೆಗೆ ನಾವು ಋಣಿಗಳೇ ಸರಿ. ಇಂಥ ಗುಂಡಿ ಇಂಥವರದೆಂದು ಪತ್ರದ ಆಧಾರದಿಂದ ತೋರಿಸಲಾಗದಿದ್ದರೆ ಹೊಣೆಯನ್ನು ಹೊರಿಸುವುದು ಯಾರ ಮೇಲೆ? ಕರ್-ಮಗೀ ಕಂಪನಿಯವರು ನಡೆಸಿದ್ದ ಸುಮಾರು 50 ಗಣಿಗಳ ಶುದ್ಧೀಕರಣಕ್ಕೆ, 2015ರಲ್ಲಿ ಜಾರಿಗೆ ಬಂದ ಒಡಂಬಡಿಕೆಯ ಮೂಲಕ, 100 ಕೋಟಿ ಡಾಲರಿಗೆ ಸಮೀಪದ ಮೊತ್ತ ದೊರೆತದ್ದುಂಟು. ಆದರೆ ಕಡತವು ಲೆಕ್ಕವಿಟ್ಟದ್ದು ಬೆಲೆಯುಳ್ಳ ಕಲ್ಲಿಗೆ ಮಾತ್ರ. ಅದಿರನ್ನು ತಲುಪುವುದಕ್ಕಾಗಿ ಒಡೆದು, ಮಾರಲು ಸಾರ ಸಾಲದೆಂದು ಪ್ರಪಾತದ ಅಂಚಿನಿಂದ ಕೆಳಕ್ಕೆ ತಳ್ಳಿದ ಕಲ್ಲುಮಣ್ಣಿನ ಮಾತು ಅದರಲ್ಲಿಲ್ಲ; ಮಳೆ ಬಂದಾಗ ಹಳ್ಳಕ್ಕೆ ಇಳಿಯುತ್ತಿದ್ದುದು, ಗಾಳಿ ಎದ್ದಾಗ ಅಂಗಳಕ್ಕೆ ಬರುತ್ತಿದ್ದುದು ಅದೇ.

1990ರ ದಶಕದಲ್ಲಿ ಹೆಲಿಕಾಪ್ಟರಿನಿಂದ ವಿಕಿರಣವನ್ನು ಅಳೆದ ಸಮೀಕ್ಷೆಯೂ, ಅದನ್ನೂ ಕಡತಗಳನ್ನೂ ಕೂಡಿಸಿ ಪರಿಸರ ಸಂರಕ್ಷಣಾ ಸಂಸ್ಥೆಯವರು 2007ರಲ್ಲಿ ಹೊರತಂದ ನಕ್ಷಾಸಂಪುಟವೂ ನಮ್ಮ ಕೈಯಲ್ಲಿದ್ದುವು. ಎತ್ತರದಿಂದ ನೋಡಿದ ಅಳತೆಯು ವಿಶಾಲವಾದ ನೆಲದ ಸರಾಸರಿಯನ್ನು ಕೊಡಬಲ್ಲದಲ್ಲದೆ ಒಂದು ಮನೆಯ ಹೊಸ್ತಿಲನ್ನು ತೋರಿಸಲಾರದು. ಆದುದರಿಂದ ನಡೆಯಲೇಬೇಕು.

ಸೋಡಿಯಂ ಅಯೋಡೈಡ್ ಸ್ಫಟಿಕವುಳ್ಳ ಗಾಮಾ ಮಾಪಕವನ್ನು ನೆಲಕ್ಕೆ ಸಮೀಪವಾಗಿ ಹಿಡಿದು, ಬೆನ್ನಿನ ಚೀಲದಲ್ಲಿ ಜಿಪಿಎಸ್ ಇಟ್ಟುಕೊಂಡು, ಉಳುವವನು ಸಾಲು ಹಿಡಿಯುವಂತೆ ಸಮಾಂತರವಾಗಿ ಹೋಗುತ್ತ ಬರುತ್ತ ಇಡೀ ಇಳಿಜಾರನ್ನು ಅಳೆಯುವುದು ನಮ್ಮ ಕ್ರಮ. ಮಾಪಕವು ಕಾಣುವುದು ಬಹುಮಟ್ಟಿಗೆ ರೇಡಿಯಂ ಧಾತುವಿನ ಸಂತತಿಯನ್ನು. ರೇಡಿಯಂ ಅರ್ಧಕ್ಕಿಳಿಯಲು 1600 ವರ್ಷ ಬೇಕು. ಹೀಗೆ ದೊರೆತ ಅಂಕಿಯು ಸ್ವತಃ ಏನನ್ನೂ ಹೇಳದು. ಆ ನೆಲದ ಸಹಜವಾದ ವಿಕಿರಣ, ಅಂದರೆ ಹಿನ್ನೆಲೆಯ ಪ್ರಮಾಣ, ಎಷ್ಟೆಂದು ಮೊದಲು ನಿಶ್ಚಯವಾಗಬೇಕು. ಅದರ ಎಷ್ಟು ಪಟ್ಟು ಎಂಬುದೇ ತೀರ್ಪು. ಹಿನ್ನೆಲೆಯ ಹತ್ತು ಪಟ್ಟನ್ನು ಮೀರಿದ ವಿಕಿರಣವಿದ್ದು, ಸಮೀಪದಲ್ಲಿ ವಾಸದ ಮನೆಯೂ ಇದ್ದ 46 ಗಣಿಗಳನ್ನು ಮೊದಲ ಸರದಿಗೆ ಆಯ್ದದ್ದು ಈ ಗಣನೆಯಿಂದಲೇ.

ಆದರೆ ಹಿನ್ನೆಲೆಯನ್ನು ಎಲ್ಲಿ ಅಳೆಯುವುದು? ಲುಕಾಚುಕೈ ಬೆಟ್ಟಗಳಲ್ಲಿ ಅದಿರು ಸಿಕ್ಕುವ ಸಾಲ್ಟ್ ವಾಶ್ ಎಂಬ ಮರಳುಗಲ್ಲಿನ ಪದರವು, ಮನುಷ್ಯನ ಕೈ ಸೋಕದ ಕಡೆಯಲ್ಲಿಯೂ, ಅಲ್ಲಲ್ಲಿ ತಾನಾಗಿಯೇ ವಿಕಿರಣವನ್ನು ಸೂಸುತ್ತಿರುತ್ತದೆ. ಅಂಥ ಬಂಡೆಯ ಮೇಲೆ ನಿಂತು ಹಿನ್ನೆಲೆಯನ್ನು ಗೊತ್ತುಮಾಡಿದರೆ ಗಣಿಯು ನಿರ್ದೋಷಿಯಾಗಿ ಕಾಣುವುದು; ದೂರದ ಬಯಲಿನಲ್ಲಿ ಗೊತ್ತುಮಾಡಿದರೆ ಪ್ರಕೃತಿಯ ಕಲ್ಲನ್ನೂ ಕಸವೆಂದು ಎತ್ತಿಹಾಕಬೇಕಾಗುವುದು. ಶಿಲೆಗೆ ಶಿಲೆಯನ್ನೂ ಮಣ್ಣಿಗೆ ಮಣ್ಣನ್ನೂ ಹೋಲಿಸಿ, ಒಂದೊಂದು ಪದರಕ್ಕೂ ಬೇರೆ ಬೇರೆ ಹಿನ್ನೆಲೆಯನ್ನು ಆಯ್ದು, ಆಯ್ದುದಕ್ಕೆ ಕಾರಣವನ್ನು ಊರಿನವರ ಮುಂದೆ ಹೇಳಿ ಒಪ್ಪಿಸಬೇಕೆಂಬುದು ನಾನು ಅಲ್ಲಿ ಕಲಿತ ವಿದ್ಯೆಗಳಲ್ಲಿ ಮುಖ್ಯವಾದದ್ದು. ಅಗೆಯುವುದಕ್ಕೆ ಮುಂಚೆ ಯಾರಾದರೂ ಅಳೆದಿಟ್ಟಿದ್ದರೆ ಈ ವಿವಾದವೇ ಹುಟ್ಟುತ್ತಿರಲಿಲ್ಲ. ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿಯೂ ಯುರೇನಿಯಂ ನಿಕ್ಷೇಪವಿದೆ. ಅಲ್ಲಿ ಮುಂದೆ ಏನೇ ನಡೆಯಲಿ, ಒಂದೊಂದು ಬಾವಿಯ ನೀರನ್ನೂ ಒಂದೊಂದು ಹೊಲದ ಮಣ್ಣನ್ನೂ ಮೊದಲೇ ಪರೀಕ್ಷಿಸಿ, ಫಲಿತಾಂಶವನ್ನು ಗ್ರಾಮಸ್ಥರ ಕೈಯಲ್ಲಿ ಕೊಡಬೇಕೆಂದು ನಾನು ಅಂತಃಕರಣಪೂರ್ವಕವಾಗಿ ಕೋರುತ್ತೇನೆ.

ಇಷ್ಟಾದರೂ ಎಲ್ಲೆ ಪೂರ್ತಿಯಾಗದು. ಕೋವ್ ಎಂಬ ಊರಿನ ಬಳಿ ನಾವು ಕಡತದ ಪ್ರಕಾರ ಒಂದು ಗಣಿಯ ಸುತ್ತ ಕೆಲಸವನ್ನು ಮುಗಿಸುವ ಸಮಯಕ್ಕೆ, ಕುರಿಗಳನ್ನು ಹೊಡೆದುಕೊಂಡು ಬಂದ ವೃದ್ಧೆಯೊಬ್ಬರು ನಮ್ಮೊಡನಿದ್ದ ನವಾಹೋ ತರುಣಿಯನ್ನು ನಿಲ್ಲಿಸಿಕೊಂಡು, "ಮಗಳೇ, ಇವರು ಮೇಲೆ ಮಾತ್ರ ಹುಡುಕುತ್ತಿದ್ದಾರಲ್ಲ, ಲಾರಿಗಳು ಇಳಿದುಬಂದದ್ದು ಈ ದಾರಿಯಲ್ಲಲ್ಲವೆ? ನನ್ನ ಗಂಡ ಕೆಲಸ ಬಿಡುವ ಹೊತ್ತಿಗೆ ಮನೆಗೆ ಕಲ್ಲು ತಂದದ್ದು ಅಲ್ಲಿಂದಲೇ ಅಲ್ಲವೆ?" ಎಂದು ಕೇಳಿದರು. ತರುಣಿಯು ಅವರನ್ನು ಅಜ್ಜಿಯೆಂದೇ ಕರೆದು, ವಿನಯದಿಂದ ಒಂದೊಂದು ಮಾತನ್ನೂ ನಮಗೆ ತಿಳಿಸಿದಳು. ಅವರು ತೋರಿದ ದಾರಿಯಲ್ಲಿ ಈಗ ಹುಲ್ಲು ಬೆಳೆದಿತ್ತು. ಮಾಪಕವು ಮಾತ್ರ, ತುಂಬಿದ ಲಾರಿಗಳಿಂದ ಅದಿರು ಉದುರಿದ್ದ ತಿರುವುಗಳಲ್ಲೆಲ್ಲ ಏರಿತು. ಗಣಿಯ ಚಪ್ಪಟೆ ಕಲ್ಲು ಕಟ್ಟಡಕ್ಕೆ ಚೆನ್ನಾಗಿ ಒದಗುತ್ತದೆಂದು ಗೋಡೆಗೂ ನೆಲಕ್ಕೂ ಬಳಸಿದ ಮನೆಗಳು ಆ ನಾಡಿನಲ್ಲಿ ಎಷ್ಟೋ ಇದ್ದುವು. ಅಂಥ ಕೋಣೆಯಲ್ಲಿ, ಚಳಿಗಾಲದಲ್ಲಿ ಬಾಗಿಲು ಮುಚ್ಚಿದಾಗ, ಕಲ್ಲಿನಿಂದ ಹೊರಬರುವ ರೇಡಾನ್ ಅನಿಲವು ಸಂಚಯವಾಗುತ್ತದೆ. ಅಪಾಯವೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಈ ಅನ್ಯಾಯವನ್ನು ನೆನೆದಾಗಲೆಲ್ಲ ನನಗೆ ಈಗಲೂ ಸಿಟ್ಟು ಬರುತ್ತದೆ.

ಅಲ್ಲಿಂದ ಮುಂದೆ ನಾವು ಯಾವ ಊರಿಗೆ ಹೋದರೂ ಉಪಕರಣವನ್ನು ಪೆಟ್ಟಿಗೆಯಿಂದ ತೆಗೆಯುವುದಕ್ಕೆ ಮೊದಲು, ಚಾಪ್ಟರ್ ಎಂದು ಕರೆಯುವ ಊರಸಭೆಯಲ್ಲಿ ಹಿರಿಯರೊಡನೆ ಕುಳಿತು, ಲಾರಿ ಎಲ್ಲಿ ಹಾದಿತು, ಗಣಿಯಾಳುಗಳು ಬಟ್ಟೆ ಒಗೆದದ್ದೆಲ್ಲಿ, ಕುರಿಗಳು ನೀರು ಕುಡಿದ ಹೊಂಡ ಯಾವುದು ಎಂದು ಕೇಳಿ ಕಾಗದದ ಮೇಲೆ ಗುರುತು ಹಾಕುವುದನ್ನು ರೂಢಿ ಮಾಡಿದೆವು. ಕೋವ್ ಊರಿನ ಆ ದಾರಿಯು ಈಗ ನಕ್ಷೆಯಲ್ಲಿ ಗಣಿಯ ಎಲ್ಲೆಯ ಒಳಗಿದೆ. ಅಗೆದೆತ್ತಿದ ಮಣ್ಣನ್ನು ಅಲ್ಲಿಯೇ ಮುಚ್ಚಿಡಬೇಕೆ, ದೂರ ಸಾಗಿಸಬೇಕೆ ಎಂಬ ಚರ್ಚೆ ಇನ್ನೂ ತೀರಿಲ್ಲ. ಮುಚ್ಚಿಡುವುದು ಅಗ್ಗವೆಂದು ಇಂಜಿನಿಯರುಗಳು ಹೇಳುತ್ತಾರೆ, ತಮ್ಮ ನಾಡಿನಿಂದಾಚೆಗೆ ಒಯ್ಯಬೇಕೆಂದು ಜನರು ಕೇಳುತ್ತಾರೆ, ಮತ್ತು ಜನರು ಕೇಳುವುದು ನ್ಯಾಯವೆಂದು ನನ್ನ ಅಭಿಪ್ರಾಯ.